ಕತ್ತರಿ ಮುಟ್ಟದ ಅಂಗಿ

ನಮ್ಮ ಮನೆಯ ಕತ್ತರಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಹಾಲಿನ ಪಾಕೀಟಿನ ಮೂಲೆಯಿಂದ ಹಿಡಿದು ಯಜಮಾನರ ಮೀಸೆಯ ತುದಿಯವರೆಗೆ ಎಲ್ಲವನ್ನೂ ಅದು ನಿಷ್ಪಕ್ಷಪಾತವಾಗಿ ಕತ್ತರಿಸುತ್ತದೆ. ಸೊಲ್ಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಯ ಕತ್ತರಿಯಾದ್ದರಿಂದ ದಸರೆಗೆ ಅರಿಶಿನ ಕುಂಕುಮವನ್ನೂ ಪಡೆಯುತ್ತದೆ. ಆದರೆ ನನ್ನ ತವರು ನಾಗಣಸೂರಿನ ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ: ಹೆಸರಿಡುವ ದಿನ ಕೂಸು ತೊಡುವ ಅಂಗಿಗೆ ಕತ್ತರಿ ಮುಟ್ಟಿಸಬಾರದು. ಬಟ್ಟೆಯನ್ನು ಕೈಯಿಂದ ಹರಿಯಬೇಕು, ದಾರವನ್ನು ಹಲ್ಲಿನಿಂದ ಕಡಿಯಬೇಕು. ಅಂಗಿ ತರುವವಳು ಸೋದರತ್ತೆ, ಅದನ್ನು ತೊಟ್ಟ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳೂ ಅವಳೇ. ಅಂಗಿ ಬೇರೆಯವರದಾದರೆ ಹೆಸರು ಹೇಳುವ ಹಕ್ಕೂ ಅವರ ಪಾಲಾಗುತ್ತದೆ. ನನ್ನ ತಮ್ಮನಿಗೆ ಹೆಣ್ಣುಮಗು ಹುಟ್ಟಿದಾಗ ಈ ಪದವಿ ನನಗೆ ಒಲಿಯಿತು.

ಪದವಿಯ ಜೊತೆಗೆ ಒಂದು ದುರಾಲೋಚನೆಯೂ ಹುಟ್ಟಿತು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ತಮ್ಮ ಮತ್ತು ಅವನ ಹೆಂಡತಿ ಪೂಜಾ ಮಗುವಿಗೆ ಆರೋಹಿ ಎಂಬ ಹೆಸರು ಗೊತ್ತುಮಾಡಿದ್ದರು. ನನಗೆ ಬೇಕಾಗಿದ್ದುದು ಹೋದ ವರ್ಷ ತೀರಿಕೊಂಡ ನಮ್ಮವ್ವನ ಹೆಸರು, ನೀಲವ್ವ. ಬಾಯಿಬಿಟ್ಟು ಕೇಳಿಯೂ ನೋಡಿದ್ದೆ.

"ಅಕ್ಕಾ, ಸಾಲ್ಯಾಗ ಪೋರಗೋಳು ನಗತಾವ್ರಿ," ಎಂದು ಪೂಜಾ ಮೆತ್ತಗೆ ಜಾರಿಕೊಂಡಿದ್ದಳು.

ಇರಲಿ, ಕಿವಿಯಲ್ಲಿ ಹೇಳುವವಳು ನಾನಲ್ಲವೇ? ಮೊದಲು ಕಿವಿಗೆ ಬಿದ್ದದ್ದೇ ನಿಜವಾದ ಹೆಸರೆಂಬುದು ನಮ್ಮ ಕಡೆಯ ನಂಬಿಕೆ. ಕೂಸು ಸಾಕ್ಷಿ ಹೇಳಲು ಬರುವುದಿಲ್ಲ. ಅವ್ವ ಕೊನೆಗಾಲದಲ್ಲಿ ಉಡುತ್ತಿದ್ದ ಮೆತ್ತನೆಯ ನೂಲಿನ ಸೀರೆಯನ್ನು ಟ್ರಂಕಿನಿಂದ ತೆಗೆದು, ಅದರಲ್ಲೇ ಅಂಗಿ ಹೊಲಿದು, ಅವ್ವನ ಹೆಸರನ್ನೂ ಸದ್ದಿಲ್ಲದೆ ತೊಡಿಸಿಬಿಡುವುದೆಂದು ನಿಶ್ಚಯಿಸಿದೆ.

ಕತ್ತರಿಯಿಲ್ಲದೆ ಮೈಗೊಪ್ಪುವ ಅಂಗಿ ಹೊಲಿಯುವುದು ಹೇಗೆ? ಉತ್ತರ ಫೋನಿನಲ್ಲಿ ಸಿಕ್ಕಿತು, ಸ್ಮಾಕಿಂಗ್ ಅಂತೆ. ಹಿಂದೆ ವಿಲಾಯತಿಯ ಕುರಿ ಕಾಯುವವರು, ನಮ್ಮ ಕರಜಗಿಯ ಕುರುಬರು ಕಂಬಳಿ ಹೊದೆಯುವ ಹಾಗೆ, ಸ್ಮಾಕ್ ಎಂಬ ದೊಗಳೆ ಅಂಗಿ ತೊಡುತ್ತಿದ್ದರಂತೆ. ಕೊರಳಿಲ್ಲ, ಕಂಕುಳಿಲ್ಲ, ಎಲ್ಲ ಚೌಕ ಚೌಕ ಬಟ್ಟೆ. ಎದೆಯ ಹತ್ತಿರ ಮಾತ್ರ ಅದನ್ನು ಕಚ್ಚಾ ದಾರದಲ್ಲಿ ಪೋಣಿಸಿ ಎಳೆದು ಸಣ್ಣ ಸಣ್ಣ ನಿರಿಗೆ ಹಿಡಿಯುವುದು, ಆ ನಿರಿಗೆಗಳ ನೆತ್ತಿಯ ಮೇಲೆ ಬಣ್ಣದ ದಾರದಲ್ಲಿ ಜೇನುಗೂಡಿನಂಥ ಕಸೂತಿ ಹಾಕುವುದು. ಈ ಕಲೆಗೆ ಬಕಾಸುರನ ಹೊಟ್ಟೆಯಿದೆಯೆಂದು ಮಾತ್ರ ಯಾರೂ ಹೇಳಲಿಲ್ಲ. ಚಾದರದಷ್ಟು ಬಟ್ಟೆ ಉಣಿಸಿದರೆ ಅದು ಕರವಸ್ತ್ರದಷ್ಟನ್ನು ಹಿಂದಿರುಗಿಸುತ್ತಿತ್ತು. ಆದರೂ ಹಟ ಬಿಡದೆ ಮುಗಿಸಿದೆ. ವಿಡಿಯೋದ ಕೊನೆಯಲ್ಲಿ ಕಲಿಸುವಾಕೆ ಕತ್ತರಿ ಕೈಗೆತ್ತಿಕೊಂಡಳು. ಇದು ನಮ್ಮ ಮನೆತನಕ್ಕೆ ಸಂಬಂಧಪಟ್ಟದ್ದಲ್ಲವೆಂದು ನಾನು ಫೋನು ಮುಚ್ಚಿಟ್ಟೆ.

ಹೆಸರಿಡುವ ದಿನ ಆ ಅಂಗಿಯನ್ನು ತಲೆಯಿಂದ ಇಳಿಸಿದೆವು. ಕೂಸಿನ ಎದೆಯವರೆಗೆ ಬಂದು ಅದು ಅಲ್ಲೇ ಧರಣಿ ಕೂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೂಸು ಕೆಂಪಗಾಗಿ, ತೊಟ್ಟಿಲಿಗೆ ಕಟ್ಟಿದ ಬಲೂನುಗಳೂ ನಡುಗುವಂತೆ ಕಿರುಚತೊಡಗಿತು.

"ಏನ್ರಿ ಬೀಗತೇರ, ಬಾಹುಲಿ ಅಂಗಿ ತಂದೀರೇನ್ರಿ?" ಎಂದರು ಕಂದಲಗಾಂವದಿಂದ ಬಂದಿದ್ದ ಪೂಜಾಳ ತಾಯಿ. ಗೊಂಬೆಯ ಅಂಗಿ ಎನ್ನುವ ಆ ಮಾತನ್ನು ಅವರು ಬಹಳ ಮರ್ಯಾದೆಯಿಂದಲೇ ಆಡಿದರು. "ಇರಲಿ ತಗೋರಿ, ನಾ ಒಂದು ರೆಡಿಮೇಡ್ ತಂದೀನಿ. ಅದನ್ನಽ ಹಾಕೂಣು."

ಅವರ ಚೀಲ ಕರಕರ ಸದ್ದು ಮಾಡಿತು. ನನ್ನ ಅವ್ವ ಎರಡನೆಯ ಸಲ ಕೈತಪ್ಪಿ ಹೋಗುತ್ತಿದ್ದಾಳೆಂದು ನನಗೆ ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಪೂಜಾ ಅಂಗಿಯ ಅಂಚಿನಲ್ಲಿ ಇಣುಕುತ್ತಿದ್ದ ಬಿಳಿ ದಾರವೊಂದನ್ನು ಬೆರಳಿಗೆ ಸುತ್ತಿಕೊಂಡಳು.

"ಜಗ್ಗಬ್ಯಾಡವಾ, ಎಲ್ಲಾ ಬಿಚ್ಚಿ ಹೋಗತದ," ಎಂದೆ.

"ಹೋದ್ರ ಹೋಗಲ್ರಿ ಅಕ್ಕಾ, ಕೂಸಿಗೆ ಉಸರಾಡಾಕ ಆಗವಲ್ದು," ಎಂದವಳೇ ಎಳೆದಳು.

ಒಂದು ದಾರ ಬಂತು, ಅದರ ಬೆನ್ನಿಗೆ ಇನ್ನೊಂದು. ಬಿಚ್ಚಿ ಹೋಗುವುದಿರಲಿ, ಜೇನುಗೂಡಿನ ಒಂದು ಕಣ್ಣೂ ಕಳಚಲಿಲ್ಲ. ಬದಲಿಗೆ ಅಂಗಿ ಮೆಲ್ಲಗೆ ಹಿಗ್ಗಿ ಕೂಸಿನ ಎದೆಯನ್ನು ದಾಟಿ ಇಳಿಯಿತು. ಕೂಸು ಉಸಿರು ಎಳೆದರೆ ಅಗಲವಾಗುತ್ತಿತ್ತು, ಬಿಟ್ಟರೆ ಕಿರಿದಾಗುತ್ತಿತ್ತು. ಕಚ್ಚಾ ದಾರದ ಕೆಲಸ ಕಸೂತಿ ಮುಗಿಯುವ ತನಕ ಮಾತ್ರ, ಆಮೇಲೆ ಅದನ್ನು ತೆಗೆದುಬಿಡಬೇಕು ಎಂಬುದು, ವಿಲಾಯತಿಯ ಕುರಿ ಕಾಯುವವರಿಗೆಲ್ಲ ತಿಳಿದಿದ್ದ ಈ ಸಂಗತಿ, ನನಗೆ ಆಗ ತಿಳಿಯಿತು. ವಿಡಿಯೋದಾಕೆ ಕತ್ತರಿ ಕೈಗೆತ್ತಿಕೊಂಡದ್ದೂ ಅದಕ್ಕೇ ಇರಬೇಕು. ಬೀಗತಿಯ ಚೀಲ ಸುಮ್ಮನಾಯಿತು.

ಅಳು ನಿಂತ ಕೂಸನ್ನು ಪೂಜಾ ಎದೆಗೆತ್ತಿಕೊಂಡು ಅಂಗಿಗೆ ಮೂಗು ತಾಗಿಸಿದಳು. "ಅತ್ತೀ ಸೀರಿ ಅಲ್ರಿ ಇದು? ಅವರ ಎಲಿ ಅಡಿಕಿ ಕವಳಿ ಚೀಲದ ವಾಸನಿ ಇನ್ನೂ ಹೋಗಿಲ್ಲ ನೋಡ್ರಿ," ಎಂದಳು. ಕೊನೆಗಾಲದಲ್ಲಿ ಆ ಸೀರೆಯನ್ನು ಅವ್ವನಿಗೆ ದಿನಾ ಉಡಿಸುತ್ತಿದ್ದವಳು ಅವಳೇ. ನಾನು ಸೊಲ್ಲಾಪುರದಿಂದ ಬಂದು ಹೋಗುತ್ತಿದ್ದವಳು. ಅವಳ ಮಗಳಿಗೆ ಅವಳಿಗೆ ಗೊತ್ತಾಗದ ಹಾಗೆ ಹೆಸರಿಡಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಮ್ಮಲ್ಲಿ ಹೆಸರು ಹೇಳಲು ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿದರೆ, ನೆರೆದ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಮೆಲ್ಲಗೆ ಗುದ್ದಬೇಕೆಂದು ಶಾಸ್ತ್ರ. ಬೀಗತಿಯರಿಗೆ ಶಾಸ್ತ್ರ ಅಷ್ಟಾಗಿ ಗೊತ್ತಿರುವುದಿಲ್ಲ. ನಾನು ಬಗ್ಗಿದೆ. ಅವ್ವನ ಸೀರೆ ಎದುರಿಗೆ ಪುಟ್ಟದಾಗಿ ಉಸಿರಾಡುತ್ತಿತ್ತು. ಕಿವಿಗೆ ಬಾಯಿಟ್ಟು, ವಾಡಿಕೆಯಂತೆ, "ಕುರ್ರ್... ಆರೋಹಿ," ಎಂದೆ. ಇನ್ನೇನನ್ನೂ ಹೇಳಲಿಲ್ಲ.

ತಲೆಯೆತ್ತಿದಾಗ ನನ್ನ ಕಣ್ಣುಗಳು ತುಂಬಿದ್ದವು. ಗುದ್ದು ಜೋರಾಗಿ ಬಿತ್ತೇನೋ ಎಂದು ಬೀಗತಿ ಗಾಬರಿಯಾದರು. ಹೌದು, ಬಹಳ ಜೋರಾಗಿಯೇ ಬಿತ್ತು ಎಂದು ನಾನೂ ಹೇಳಿಬಿಟ್ಟೆ.