ನಿಕಲ್ ಮಾವನ ಮೂಗು

ನಾನು ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಗೋಡೆಯ ಆಚೆ ಬದಿಗೆ ನಿಕಲ್ ಮಾವನ ಮನೆ. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಬೇಕಾಗುವುದು ಪೋಸ್ಟಿನವನಿಗೆ ಮಾತ್ರ. ಜೀವಮಾನವಿಡೀ ಪ್ಲೇಟಿಂಗ್ ಶೆಡ್ಡಿನಲ್ಲಿ ಕಬ್ಬಿಣಕ್ಕೆ ನಿಕಲ್ ಹಿಡಿಸಿದ ಮನುಷ್ಯ. ಬಾಗಿಲ ಚಿಲಕ, ಸೈಕಲ್ಲಿನ ಹ್ಯಾಂಡಲ್ಲು, ಆಸ್ಪತ್ರೆ ಮಂಚದ ಕಾಲು, ಹೀಗೆ ನಮ್ಮ ಸುತ್ತಮುತ್ತ ಹೊಳೆಯುವ ಅರ್ಧ ಸಾಮಾನು ಅವರ ತೊಟ್ಟಿಯಲ್ಲಿ ಮುಳುಗಿ ಎದ್ದದ್ದು. ಕೆಲಸದ ಮಾತು ತೆಗೆದರೆ ಸಾಕು, ಶುರುವಾಗುತ್ತಿತ್ತು.

"ಜನ ಕ್ರೋಮಿಗೆ ಮರುಳಾಗ್ತಾರೆ ಟೈಲರಮ್ಮ. ಕ್ರೋಮು ಬರೀ ಮುಖದ ಪೌಡರ್ರು. ತುಕ್ಕು ತಡೆಯೋದು ಅದರ ಕೆಳಗಿರೋ ನಿಕಲ್ಲು. ಆ ನಿಕಲ್ಲಲ್ಲಿ ಸೂಜಿಮೊನೆಯಷ್ಟು ತೂತು ಬಿದ್ರೂ ನೀರು ಇಳಿದು ಒಳಗಿನ ಕಬ್ಬಿಣ ತಿಂದುಹಾಕುತ್ತೆ. ಮೇಲೆ ಮಾತ್ರ ಥಳಥಳ ಅಂತಾನೇ ಇರುತ್ತೆ."

ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ ನನ್ನ ಮಿಷನ್ನಿಗೂ ಬಾಯಿಪಾಠವಾಗಿತ್ತು.

ಶೆಡ್ಡಿನ ಚಾಳಿ ಮನೆಗೂ ಬಂದಿತ್ತು. ತೊಟ್ಟಿಗೆ ಇಳಿಸುವ ಮೊದಲು ಪ್ರತಿ ಸಾಮಾನನ್ನೂ ನೀರಿನಲ್ಲಿ ಅದ್ದಿ ಎತ್ತಿ ನೋಡುತ್ತಾರಂತೆ. ನೀರು ಎಲ್ಲೂ ಒಡೆಯದೆ ಒಂದೇ ಪೊರೆಯಾಗಿ ನಿಂತರೆ ಅದು ಶುದ್ಧ. ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ ಎಂದರ್ಥ, ಅದರ ಮೇಲೆ ನಿಕಲ್ ನಿಲ್ಲುವುದಿಲ್ಲ. ಮಾವ ಊಟದ ತಟ್ಟೆಗೂ ಇದೇ ಪರೀಕ್ಷೆ ಮಾಡುತ್ತಿದ್ದರು. "ನಾನು ಅದಕ್ಕೆ ಅನ್ನ ಬಡಿಸ್ತೀನಿ, ನಿಕಲ್ ಅಲ್ಲ" ಎಂದು ಅವರ ಹೆಂಡತಿ ತಟ್ಟೆ ಕಿತ್ತುಕೊಳ್ಳುತ್ತಿದ್ದದ್ದು ಗೋಡೆಯಾಚೆಗೂ ಕೇಳುತ್ತಿತ್ತು.

ಒಮ್ಮೆ ನನ್ನ ಹತ್ತಿರ ಒಂದು ಮೊಳ ಕೆಂಪು ದಾರ ಕೇಳಿದರು. ಗುಂಡಿ ಹಾಕಿಕೊಳ್ಳಲು ಇರಬೇಕೆಂದು ಕೊಟ್ಟೆ. ಮೆಟ್ಟಿಲ ಮೇಲೆ ನಿಂತು ಅದನ್ನು ಒಂದು ಹೊಳ್ಳೆಯಲ್ಲಿ ತೂರಿಸಿ ಇನ್ನೊಂದು ಹೊಳ್ಳೆಯಿಂದ ಎಳೆದು ತೋರಿಸಿದರು. ನಿಕಲ್ ತೊಟ್ಟಿಯ ಪಕ್ಕದಲ್ಲೇ ಇದ್ದ ಕ್ರೋಮಿನ ತೊಟ್ಟಿಯಿಂದ ಏಳುವ ಹಬೆ ಮೂಗಿನ ನಡುಗೋಡೆಯನ್ನೇ ತಿಂದು ತೂತು ಮಾಡಿತ್ತು. ಶೆಡ್ಡಿನ ಹಳಬರೆಲ್ಲ ಈ ಆಟ ಆಡಿ ನಗುತ್ತಾರಂತೆ. ನನಗೆ ಸಿಟ್ಟು ಬಂತು. ಇಂಥ ಕೆಲಸದಲ್ಲಿ ಮೂಗಿಗೊಂದು ಮುಚ್ಚಳ ಕೊಡಲಾರದ ಯಜಮಾನನನ್ನು ಏನೆಂದು ಬೈಯುವುದು?

ತೂತಿನ ಜೊತೆ ವಾಸನೆಯೂ ಹೋಗಿತ್ತು. ಹೆಂಡತಿ ಇರುವ ತನಕ ಅವರಿಗೆ ಅವಳೇ ಮೂಗು. ಹಾಲು ಕೆಟ್ಟಿದ್ದು, ಅನ್ನ ತಳ ಹಿಡಿದದ್ದು, ಅಂಗಿ ಒಗೆಯಬೇಕಾದದ್ದು, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಮಗಳಿಗೆ ಮಾತ್ರ ಇಬ್ಬರೂ ಮುಚ್ಚಿಟ್ಟರು. ಅವಳ ಓದು ಆ ಸಂಬಳದಿಂದಲೇ ನಡೆಯುತ್ತಿತ್ತು, ಗೊತ್ತಾದರೆ ಅಪ್ಪನ ಕೆಲಸ ಬಿಡಿಸುತ್ತಾಳೆ ಎಂಬ ಹೆದರಿಕೆ. ಮಾವ ಕೆಲಸದಿಂದ ನಿವೃತ್ತರಾಗಿ, ಹೆಂಡತಿಯೂ ತೀರಿಕೊಂಡ ಮೇಲೆ ಆ ಮೂಗಿನ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲುವರು.

"ಟೈಲರಮ್ಮ, ಇದರ ಬಣ್ಣ ಸರಿ ಇದೆಯಾ ಸ್ವಲ್ಪ ನೋಡ್ತೀರಾ?"

"ಬೆಳ್ಳಗಿರೋದೆಲ್ಲ ಹಾಲಲ್ಲ ಮಾವ. ಕೆಟ್ಟಿದೆ, ಚೆಲ್ಲಿ."

ಚೆಲ್ಲಿ ಬಂದು ಹೊಸಿಲ ಮೇಲೆ ಕೂರುವರು. ಹೋಗಲು ಅವಸರವಿರುತ್ತಿರಲಿಲ್ಲ, ಹೋದರೆ ಒಳಗೆ ಯಾರಿದ್ದಾರೆ? ಒಮ್ಮೆ ತಾವಾಗಿಯೇ ಹೇಳಿದರು: "ಉಪ್ಪು ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ, ಖಾರ ಗೊತ್ತಾಗುತ್ತೆ. ಊಟ ಗೊತ್ತಾಗಲ್ಲ. ಅವಳು ಎದುರಿಗೆ ಕೂತು ಇವತ್ತು ಚೆನ್ನಾಗಾಗಿದೆ ಅಂದ್ರೆ ನನಗೂ ಚೆನ್ನಾಗಿರ್ತಿತ್ತು. ಈಗ ಹೇಳೋರಿಲ್ಲ." ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಪಾಪ ಅನ್ನಿಸಿತು. ನಾನೂ ಒಂಟಿಯೇ, ಆದರೆ ನನಗೆ ಜಗಳಕ್ಕಾದರೂ ಗಿರಾಕಿಗಳಿದ್ದಾರೆ.

ಹೀಗಿರುವಾಗ ಮಗಳ ಫೋನು ಬಂತು. ಅವಳು ನರ್ಸು. ಗಂಡ ದೂರದ ಕೆಲಸದಲ್ಲಿ, ಜೊತೆಗೆ ಇನ್ನೂ ಸ್ಕೂಲಿಗೆ ಸೇರದ ಒಂದು ಹೆಣ್ಣುಮಗು. ನಮ್ಮ ಊರಿನ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸ ಸಿಗುವಂತಿತ್ತು. ಸಿಕ್ಕರೆ ಅಪ್ಪನ ಮನೆಯಲ್ಲೇ ಇರುವುದು, ಅವಳು ಡ್ಯೂಟಿಗೆ ಹೋದಾಗ ಮಗು ತಾತನ ಹತ್ತಿರ ಇರುವುದು ಎಂದು ಲೆಕ್ಕ. ಮೊದಲು ಒಂದು ವಾರ ಇದ್ದು ನೋಡಲು ಬರುತ್ತಿದ್ದಳು. ಮಾವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮರುಕ್ಷಣವೇ ಮುಖ ಸಣ್ಣದಾಯಿತು.

"ಟೈಲರಮ್ಮ, ನಿಮ್ಮ ಬಾಯಿಗೆ ಬೀಗ ಇರಲಿ. ಗ್ಯಾಸ್ ಸೋರಿದ್ರೆ ಗೊತ್ತಾಗದ ಮುದುಕನ ಹತ್ತಿರ ಯಾವ ತಾಯಿ ಮಗು ಬಿಡ್ತಾಳೆ?"

ಬೀಗ ಹಾಕಿಕೊಂಡೆ. ಅವರೂ ಸುಮ್ಮನೆ ಕೂರಲಿಲ್ಲ. ಒಲೆ ಹಚ್ಚುವ ಮೊದಲು, ಆರಿಸಿದ ಮೇಲೆ, ಗ್ಯಾಸಿನ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಂಡರು. ಮನೆಯನ್ನಂತೂ ತೊಟ್ಟಿಗೆ ಇಳಿಸುವ ಸಾಮಾನಿನಂತೆ ತಿಕ್ಕಿದರು. ಹೆಂಡತಿಯ ಸೀರೆ, ಬಾಚಣಿಗೆ, ಚಪ್ಪಲಿ ಎಲ್ಲ ಟ್ರಂಕು ಸೇರಿದವು. ಕೆಲಸ ಶುರುವಾಗುವ ಮೊದಲು ಹಳೆಯದೆಲ್ಲ ತೆಗೆಯಬೇಕು, ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಮಗಳು ಬಂದಳು, ಮನೆ ಸುತ್ತಿ ನೋಡಿದಳು. ಸಂಜೆ ನನ್ನ ಹತ್ತಿರ ಬಂದು ಕೂತು, "ಅಮ್ಮ ಈ ಮನೇಲಿ ಇದ್ದಳು ಅನ್ನೋಕೆ ಒಂದು ಗುರುತೂ ಇಲ್ಲ ಚಿಕ್ಕಮ್ಮ" ಎಂದಳು. "ಗಂಡಸರು ಹಾಗೇ ಬಿಡು" ಎಂದು ತೇಲಿಸಿಬಿಟ್ಟೆ.

ವಾರ ಮುಗಿಯಲು ಬಂದಾಗ, ಒಂದು ಮಧ್ಯಾಹ್ನ, ಮಿಷನ್ ತುಳಿಯುತ್ತಿದ್ದವಳು ತಟ್ಟನೆ ನಿಲ್ಲಿಸಿದೆ. ಗೋಡೆಯಾಚೆಯಿಂದ ಸತ್ತವಳೇ ಎದ್ದು ಬಂದಂತೆ ಅವಳ ತಲೆಯೆಣ್ಣೆಯ ವಾಸನೆ ಬರುತ್ತಿತ್ತು. ಮಾವನ ಹೆಂಡತಿ ಬದುಕಿದ್ದಾಗ ಏನೇನೋ ಬೇರು, ಎಲೆ ಹಾಕಿ ತಲೆಗೆ ಎಣ್ಣೆ ಕಾಯಿಸುತ್ತಿದ್ದಳು. ಆ ವಾಸನೆ ಅವಳ ಜಡೆಯಲ್ಲಿ, ದಿಂಬಿನಲ್ಲಿ, ಮೆಟ್ಟಿಲಿನಲ್ಲಿ ಎಲ್ಲ ಕಡೆ ಇರುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಕಣ್ಣು ತುಂಬಿತು. ಅಷ್ಟರಲ್ಲಿ ಮಾವನ ದನಿ ಕೇಳಿಸಿತು.

"ಏನಮ್ಮ, ಟೀ ಇಟ್ಟಿದ್ದೀಯಾ? ನನಗೂ ಅರ್ಧ ಲೋಟ."

ಸ್ವಲ್ಪ ಹೊತ್ತಿಗೆ ಮಗಳು ನನ್ನ ಬಾಗಿಲಿಗೆ ಬಂದಳು, ಮುಖ ಕೆಂಪಾಗಿತ್ತು.

"ಅಪ್ಪನಿಗೆ ಒಂದು ಸಲ ಅಮ್ಮನ ನೆನಪಾಗಲಿ ಅಂತ ಕಾಯಿಸಿದೆ ಚಿಕ್ಕಮ್ಮ. ಪಕ್ಕದಲ್ಲೇ ಕೂತಿದ್ರು. ಟೀ ಅಂತೆ. ಬದುಕಿದ್ದಾಗ ಇಷ್ಟೇ ಅವಳ ಬೆಲೆ ಅಂತಾಯ್ತಲ್ಲ. ಇಂಥ ಮನೇಲಿ ನಾನಿರಲ್ಲ, ನಾಳೆ ಬೆಳಿಗ್ಗೆ ಹೊರಡ್ತೀನಿ."

ಅವಳು ಬಟ್ಟೆ ಜೋಡಿಸಲು ವಾಪಸು ಮನೆಗೆ ಹೋದಳು. ನಾನು ಮಾವನನ್ನು ಮೆಟ್ಟಿಲ ಹತ್ತಿರ ಕರೆದು ನಡೆದದ್ದು ಹೇಳಿದೆ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಮಗು ಬಿಡುವುದಿಲ್ಲ, ಹೇಳದಿದ್ದರೆ ಹೆಂಡತಿಯನ್ನು ಮರೆತ ಗಂಡ. ನಾನೇ ದಾರಿ ಹೇಳಿಕೊಟ್ಟೆ.

"ವಾಸನೆ ಬಂತು, ಸಂಕಟ ತಡೆಯೋಕಾಗದೆ ಟೀ ಅಂತ ಮಾತು ಮರೆಸಿದೆ ಅನ್ನಿ. ನಂಬ್ತಾಳೆ, ಉಳೀತಾಳೆ. ಸಾವಿರ ಸುಳ್ಳು ಹೇಳಿ ಮದುವೆ ಮಾಡ್ತಾರೆ ಜನ, ಮನೆ ತುಂಬೋಕೆ ಒಂದು ಸುಳ್ಳು ಹೆಚ್ಚೇನಲ್ಲ."

ಎರಡು ಸಲ ಬಾಯೊಳಗೇ ಹೇಳಿ ನೋಡಿಕೊಂಡು ಒಳಗೆ ಹೊರಟರು. ಧೈರ್ಯಕ್ಕೆ ನಾನೂ ಹಿಂದೆ ಹೋದೆ. ಮಗು ಅಡುಗೆಮನೆಯ ನೆಲದ ಮೇಲೆ ಸೌಟು ಹಿಡಿದು ಆಡುತ್ತಿತ್ತು. ಮಗಳು ತಲೆಗೆ ಆ ಎಣ್ಣೆ ಹಚ್ಚಿಕೊಂಡು ಚೀಲ ಕಟ್ಟುತ್ತಿದ್ದಳು.

"ವಾಸನೆ ಬಂತಮ್ಮ" ಎಂದರು ಮಾವ. "ಅವಳ ನೆನಪು ತಡೆಯೋಕಾಗಲಿಲ್ಲ. ಅದಕ್ಕೇ ಟೀ ಅಂದುಬಿಟ್ಟೆ."

ಅವಳ ಕೈ ನಿಂತಿತು. ಸಿಟ್ಟೆಲ್ಲ ಮುಖದಿಂದ ಇಳಿದುಹೋಯಿತು. "ನಿಜವಾಗ್ಲೂ ಅಪ್ಪ? ನನಗೂ ಹಾಗೇ ಇರಬೇಕು ಅನ್ನಿಸ್ತು, ನಾನೇ ದುಡುಕಿದೆ. ಅಮ್ಮ ಕಾಯಿಸ್ತಿದ್ದ ಹಾಗೇ ಬಂದಿದೆಯಾ? ಬೇರು ಸ್ವಲ್ಪ ಜಾಸ್ತಿಯಾಯ್ತೇನೋ ಅಂತ ನನಗೆ ಅನುಮಾನ. ನಿಮಗೇ ಚೆನ್ನಾಗಿ ಗೊತ್ತಿರೋದು, ಹೇಳಿ."

ಹೂಂ ಅಂದಿದ್ದರೆ ಸಾಕಿತ್ತು. ನಾನು ಹಿಂದಿನಿಂದ ಅವರ ಬೆನ್ನನ್ನು ತಿವಿಯುವುದೊಂದು ಬಾಕಿ. ಅವರು ಮಗುವನ್ನು ನೋಡಿದರು, ಒಲೆಯನ್ನು ನೋಡಿದರು, ಮಗಳ ಮುಖ ನೋಡಿದರು.

"ನನಗೆ ಗೊತ್ತಿಲ್ಲಮ್ಮ. ನನಗೆ ಯಾವ ವಾಸನೇನೂ ಬರಲ್ಲ. ನೀನು ಲಂಗ ಹಾಕ್ತಿದ್ದ ಕಾಲದಿಂದಲೂ ಬರಲ್ಲ. ನಿಮ್ಮಮ್ಮನಿಗೆ ಗೊತ್ತಿತ್ತು. ಅವಳ ತಲೆ ಎಣ್ಣೆ ನನಗೆ ತುಂಬ ಇಷ್ಟ ಅನ್ನೋದು ನೆನಪಿದೆ. ಅದು ಹೇಗಿತ್ತು ಅನ್ನೋದು ಮಾತ್ರ ಎಷ್ಟು ಕೂತು ಯೋಚಿಸಿದ್ರೂ ನೆನಪಿಗೆ ಬರಲ್ಲ."

ಅವಳು ನರ್ಸು, ಮಿಕ್ಕದ್ದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಮೂಗಿನೊಳಗೆ ನೋಡಿದಳು. ನೋಡಿ ಅಳತೊಡಗಿದಳು. "ಇಷ್ಟು ವರ್ಷ ನನ್ನ ಹತ್ತಿರ ಹೇಳಬಾರದಿತ್ತಾ?"

"ಹೇಳಿದ್ರೆ ಮಗೂನ ಬಿಡ್ತಿದ್ದೆಯಾ?"

ಅವಳು ಕಣ್ಣೊರೆಸಿಕೊಂಡಳು. "ಇಲ್ಲ ಅಪ್ಪ. ಈಗಲೂ ಬಿಡೋಕಾಗಲ್ಲ. ರಾತ್ರಿಯೆಲ್ಲ ಡ್ಯೂಟಿ ಇರುತ್ತೆ. ನನ್ನ ಜೀವ ಇಲ್ಲೇ ಇರುತ್ತೆ."

"ಬಿಡಬೇಡ" ಎಂದರು ಮಾವ. "ನಾನೂ ಬಿಡ್ತಿರಲಿಲ್ಲ."

ಮಗಳು ಹತ್ತಿರ ಬಂದು ಎಣ್ಣೆ ಹಚ್ಚಿದ ತಲೆಯನ್ನು ಅವರ ಎದೆಗೆ ಒರಗಿಸಿ, ಮೂಗಿಗೆ ತಾಗುವಷ್ಟು ಸಮೀಪ ಇಟ್ಟಳು. ಮಾವ ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಉಸಿರು ಎಳೆದರು. ಮತ್ತೊಮ್ಮೆ ಎಳೆದರು.

"ಬಂತಾ ಅಪ್ಪ?"

"ಇಲ್ಲಮ್ಮ. ಬೆಚ್ಚಗಿದೆ, ಅಷ್ಟೇ ಗೊತ್ತಾಗ್ತಿರೋದು. ಸ್ವಲ್ಪ ಹೊತ್ತು ಹಾಗೇ ಇರು."

ಅವಳು ಹಾಗೇ ಇದ್ದಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹೊರಟುಹೋದಳು.