ಪಾರ್ಲರಿನ ಎದುರು ಮಳಿಗೆ

ಟಿ. ನರಸೀಪುರದಲ್ಲಿ ನನಗೆ ಅಂಗಡಿ ಬೇಕಿರಲಿಲ್ಲ. ಅವಳ ಬ್ಯೂಟಿ ಪಾರ್ಲರಿನ ಎದುರಿಗೇ ಒಂದು ಮಳಿಗೆ ಖಾಲಿ ಬಿದ್ದಿದೆ ಎಂದು ಕೇಳಿದ ಮೇಲೆ ಬೇಕಾಯಿತು. ನಂಜನಗೂಡಿನಲ್ಲಿ ನನ್ನ ಹೊಲಿಗೆ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಮದುವೆ ಹೆಣ್ಣುಗಳ ರವಿಕೆ ಹೊಲಿಸಲು ಸುತ್ತಮುತ್ತಲ ಊರುಗಳಿಂದ ಬರುತ್ತಿದ್ದರು. ಇನ್ನೊಂದು ಅಂಗಡಿ ಯಾಕೆ, ಎರಡೂ ಕಡೆ ಓಡಾಡುವುದಕ್ಕೆ ಆಗುತ್ತದೆಯೇ ಎಂದು ನನ್ನ ಗಂಡ ಕೇಳಿದರು. ವ್ಯಾಪಾರ ಬೆಳೆಸಬೇಕು ಎಂದೆ. ಸುಳ್ಳು ಎಂದು ಅವರಿಗೆ ಗೊತ್ತಾಯಿತು. ಆದರೂ ಮಳಿಗೆಯವನ ಹತ್ತಿರ ಮಾತಾಡಲು ಅವರೇ ಬಂದರು.

ನನ್ನ ತವರು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಹಳ್ಳಿ. ನನಗೊಬ್ಬಳು ತಂಗಿ. ನಮ್ಮಪ್ಪನ ಬಣ್ಣ, ಎಣ್ಣೆಗೆಂಪು. ನಮ್ಮಪ್ಪನ ಹಾಗೆಯೇ ಉದ್ದ ಮೂಗು. ನಂಜನಗೂಡಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಟಿ. ನರಸೀಪುರದಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರದು ಗೊಬ್ಬರದ ಅಂಗಡಿ. ಹುಡುಗ ಒಪ್ಪಿದ, ತಂಗಿಯೂ ಒಪ್ಪಿದಳು. ಆ ಮನೆಯಲ್ಲಿ ಮಾತು ನಡೆಯುವುದು ಮಾತ್ರ ಹುಡುಗನ ಸೋದರತ್ತೆಯದು ಎಂದು ನಿಶ್ಚಿತಾರ್ಥದ ದಿನವೇ ಗೊತ್ತಾಯಿತು. ಗಂಡನಿಲ್ಲದ ಹೆಂಗಸು, ಪಾರ್ಲರ್ ನಡೆಸಿ ತಾನೇ ಗಟ್ಟಿಯಾಗಿ ನಿಂತವಳು. ಊಟವಾದ ಮೇಲೆ ಬ್ಯಾಗಿನಿಂದ ಒಂದು ಡಬ್ಬ ತೆಗೆದು ನಮ್ಮವ್ವನ ಕೈಗಿಟ್ಟಳು. ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ.

"ಉಡ್ಗಿ ಲಕ್ಷಣ್ವಾಗವ್ಳೆ. ಬಣ್ಣ ಒಂದ್ ವಸಿ ಏಳ್ಬೇಕು ಅಷ್ಟೇಯ," ಎಂದಳು. "ದಿನಾ ಆಲಿಗೆ ಬೆರ್ಸಿ ಕುಡ್ಸಿ. ಮೊಕಕ್ಕೆ ಅಚ್ಚೋದೆಲ್ಲ ತೊಳುದ್ರೆ ಓಯ್ತದೆ, ಇದು ಒಳುಗ್ಲಿಂದ ಬೆಳ್ಳುಗ್ ಮಾಡ್ತದೆ. ಎಲ್ಲಾ ಗಿಡದ್ದೇ ಕನವ್ವ. ಏನೂ ಆಗಾಕಿಲ್ಲ."

ಅವ್ವ ತಲೆಯಾಡಿಸಿದಳು. ಯಾಕೆ ಆಡಿಸಬಾರದು? ನಾವು ಬೆಳೆದದ್ದೇ ಸೊಪ್ಪಿನ ಮೇಲೆ. ಗದ್ದೆ ಬದುವಿನ ಒಂದೆಲಗ ಕಿತ್ತು ತಂದು ಅವ್ವ ಚಟ್ನಿ ಅರೆಯುತ್ತಿದ್ದಳು, ನುಗ್ಗೆಸೊಪ್ಪಿನ ಉಪ್ಸಾರು ವಾರಕ್ಕೊಮ್ಮೆಯಾದರೂ ಆಗಲೇಬೇಕು, ನೆಲ್ಲಿಕಾಯಿ ಕಾಲದಲ್ಲಿ ಜಾಡಿ ತುಂಬ ಬೆಲ್ಲದ ನೆಲ್ಲಿಕಾಯಿ. ನಮ್ಮಿಬ್ಬರ ಕೂದಲು ನೋಡಿ ಏನು ತಿನ್ನಿಸುತ್ತೀಯ ಎಂದು ಕೇಳಿದವರಿಗೆ ಅವ್ವ ಹೆಮ್ಮೆಯಿಂದ ಹೇಳುತ್ತಿದ್ದುದು ಇದನ್ನೇ. ಡಬ್ಬದ ಮೇಲೂ ಇದೇ ಹೆಸರುಗಳು. ನೆಲ್ಲಿ, ನುಗ್ಗೆ, ಅರಿಶಿನ, ಅಶ್ವಗಂಧ, ಮಂಜಿಷ್ಠ. ಮನೆಯ ಸೊಪ್ಪೇ ಪುಡಿಯಾಗಿ ಬಂದಿದೆ ಎಂದುಕೊಂಡಳು. ಗಂಡಿನವರು ಇಷ್ಟು ಅಕ್ಕರೆ ತೋರಿಸುತ್ತಾರಲ್ಲ ಎಂದು ಸಂತೋಷವೂ ಆಗಿರಬೇಕು.

ತಂಗಿಗೆ ಆ ಪುಡಿ ಕಂಡರೆ ಆಗುತ್ತಿರಲಿಲ್ಲ. ಒದ್ದೆ ಗೋಣಿಚೀಲದ ವಾಸನೆ ಎನ್ನುತ್ತಿದ್ದಳು. ಆದರೂ ಮೂಗು ಮುಚ್ಚಿಕೊಂಡು ಕುಡಿದಳು. ಸೋದರತ್ತೆ ಆಗಾಗ ಫೋನು ಮಾಡಿ ವಿಚಾರಿಸುತ್ತಿದ್ದಳು. ವಿಡಿಯೋದಲ್ಲಿ ಮುಖ ತೋರಿಸಲು ಹೇಳುತ್ತಿದ್ದಳು. ಬಣ್ಣ ಏಳಲಿಲ್ಲವೆಂದು ಒಂದು ಚಮಚದ ಬದಲು ಎರಡು ಹಾಕಿಸಿದಳು. ಒಂದು ಡಬ್ಬ ಮುಗಿಯುವುದರೊಳಗೆ ಬಸ್ಸಿನ ಕಂಡಕ್ಟರ್ ಕೈಲಿ ಇನ್ನೊಂದು ಬರುತ್ತಿತ್ತು.

ಒಂದು ಶನಿವಾರ ಶಾಲೆ ಮುಗಿಸಿ ತಂಗಿ ನನ್ನ ಅಂಗಡಿಗೆ ಬಂದಳು. ಮುಹೂರ್ತದ ರವಿಕೆಯನ್ನು ನಾನೇ ಹೊಲಿದಿದ್ದೆ, ಹಾಕಿ ನೋಡಬೇಕಿತ್ತು. ನಾನೇ ತೆಗೆದ ಅಳತೆ. ಆದರೆ ರವಿಕೆ ಅವಳ ಮೈಮೇಲೆ ಬೇರೆ ಯಾರದ್ದೋ ಎನ್ನುವ ಹಾಗೆ ಜೋತುಬಿದ್ದಿತ್ತು. ಯಾಕೆ ಇಷ್ಟು ಇಳಿದಿದ್ದೀಯ ಎಂದೆ. ಊಟ ಸೇರುತ್ತಿಲ್ಲ, ಮೈಯೆಲ್ಲ ನವೆ ಎಂದಳು. ಕನ್ನಡಿಯ ಮುಂದಿನ ದೀಪ ಹಾಕಿ ಅವಳ ಮುಖ ನನ್ನ ಕಡೆ ತಿರುಗಿಸಿದೆ. ಕಣ್ಣಿನ ಬಿಳಿ ಭಾಗ ಅರಿಶಿನ ಕಲಸಿಟ್ಟಂತೆ ಇತ್ತು. ಅವ್ವನಿಗೂ ಕಂಡಿತ್ತಂತೆ. ಸೋದರತ್ತೆಯನ್ನು ಕೇಳಿದ್ದಕ್ಕೆ, ಮೈಯೊಳಗಿನ ಕೊಳೆ ಹೊರಗೆ ಬರುತ್ತಿದೆ, ಈಗ ನಿಲ್ಲಿಸಿದರೆ ಕುಡಿದದ್ದೆಲ್ಲ ವ್ಯರ್ಥ ಎಂದಳಂತೆ.

ನಾನು ಅಂಗಡಿ ಹಾಗೇ ಬಿಟ್ಟು ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ನೋಡಿ, ಲಿವರಿಗೆ ಪೆಟ್ಟಾಗಿದೆ ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ಅಡ್ಮಿಟ್ ಮಾಡಿಕೊಂಡರು. ಹೊಸದಾಗಿ ಏನಾದರೂ ತೆಗೆದುಕೊಂಡಳಾ ಎಂದು ಡಾಕ್ಟರು ಎಷ್ಟು ಸಲ ಕೇಳಿದರೂ ಅವ್ವ ಏನೂ ಇಲ್ಲ ಎಂದೇ ಹೇಳುತ್ತಿದ್ದಳು. ಗಿಡದ್ದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನು ಡಬ್ಬ ತರಿಸಿ ತೋರಿಸಿದೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವುದು ಎಷ್ಟಿದೆ ಎಂದೇ ಬರೆದಿಲ್ಲವಲ್ಲ ಎಂದರು. ಸೊಪ್ಪು ತಿನ್ನುವುದೇ ಬೇರೆ, ಬೇರು ತೊಗಟೆಗಳ ಸತ್ವವನ್ನು ಹಿಂಡಿ ಇಳಿಸಿದ ಪುಡಿಯನ್ನು ದಿನಾ ಕುಡಿಯುವುದೇ ಬೇರೆ. ಔಷಧಿಯ ಹಾಗೆ ಕೆಲಸ ಮಾಡುವಂಥದ್ದು ಔಷಧಿಯ ಹಾಗೆಯೇ ಕೆಡುಕೂ ಮಾಡಬಹುದು ಎಂದು ಅವ್ವನಿಗೆ ನಿಧಾನವಾಗಿ ವಿವರಿಸಿದರು. ಬೇರೆ ಕಾರಣ ಯಾವುದೂ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಪುಡಿ ನಿಲ್ಲಿಸಿದ ಮೇಲೆ ಕಣ್ಣು ತಿಳಿಯಾಗುತ್ತ ಬಂತು. ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ನಾನು ಮುಟ್ಟಿ ಕರೆದರೂ ತಿರುಗಲಿಲ್ಲ.

ತಂಗಿ ಇನ್ನೂ ಹಾಸಿಗೆಯಲ್ಲಿರುವಾಗಲೇ ಗಂಡಿನವರು ಮದುವೆ ಮುರಿದರು. ಅದಕ್ಕೆ ಸೋದರತ್ತೆ ಹಬ್ಬಿಸಿದ ಕಾರಣ, ಹುಡುಗಿಗೆ ಮೊದಲಿನಿಂದಲೂ ಲಿವರ್ ಕಾಯಿಲೆ ಇತ್ತು, ಮನೆಯವರು ಮುಚ್ಚಿಟ್ಟು ಹೆಣ್ಣು ಕೊಡಲು ಹೊರಟಿದ್ದರು ಎಂದು. ನೆಂಟರಲ್ಲೆಲ್ಲ ಅದೇ ಸುದ್ದಿಯಾಯಿತು. ಅಪ್ಪ ಒಬ್ಬರೇ ಟಿ. ನರಸೀಪುರಕ್ಕೆ ಹೋಗಿ ಬಂದರು. ಗೊಬ್ಬರದ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿಯೇ ಮಾತಾಡಿ ಕಳಿಸಿದರಂತೆ, ಕೂರಿ ಎನ್ನಲಿಲ್ಲವಂತೆ. ಇದು ಅಪ್ಪ ಹೇಳಿದ್ದಲ್ಲ, ಅಲ್ಲೇ ಗೊಬ್ಬರ ಕೊಳ್ಳಲು ನಿಂತಿದ್ದ ನಮ್ಮೂರಿನವರು ಹೇಳಿದ್ದು. ಅಪ್ಪ ಮನೆಗೆ ಬಂದು ಕಾಲು ತೊಳೆದುಕೊಂಡು ದನದ ಕೊಟ್ಟಿಗೆಗೆ ಹೋದರು.

ದೂರು ಕೊಡೋಣ ಎಂದು ನಾನು ಹಟ ಹಿಡಿದೆ. ಹುಡುಗಿಯ ಹೆಸರು ಸ್ಟೇಷನ್ನು, ಕಚೇರಿ ಎಂದೆಲ್ಲ ಓಡಾಡುವುದು ಬೇಡ ಎಂದು ಅವ್ವ ಕಾಲು ಹಿಡಿಯುವ ಹಾಗೆ ಬೇಡಿಕೊಂಡಳು. ಆಯಿತು ಎಂದೆ. ಅವತ್ತಿನಿಂದ ನನ್ನ ದಾರಿ ನಾನು ನೋಡಿಕೊಂಡೆ.

ಹೊಲಿಗೆಯವಳಿಗೆ ಒಂದು ಅನುಕೂಲ ಇರುತ್ತದೆ. ಟೇಪು ಹಿಡಿದು ಎದೆ, ತೋಳು, ಬೆನ್ನಿನ ಅಳತೆ ತೆಗೆಯುವಾಗ ಹೆಂಗಸರು ಅಲ್ಲಾಡದೆ ನಿಂತಿರುತ್ತಾರೆ, ಕಿವಿ ನನ್ನ ಬಾಯಿಯ ಹತ್ತಿರವೇ ಇರುತ್ತದೆ. ಮದುವೆ ಹೆಣ್ಣು ಯಾರೇ ಬಂದರೂ ಅಳತೆ ತೆಗೆಯುತ್ತ ನನ್ನ ತಂಗಿಯ ಕತೆ ಹೇಳಿದೆ. ಒಂದಕ್ಷರ ಸುಳ್ಳು ಸೇರಿಸಲಿಲ್ಲ. ಸೇರಿಸುವ ಅಗತ್ಯವೇ ಇರಲಿಲ್ಲ. ಯಾವ ಊರು, ಯಾವ ರಸ್ತೆ, ಯಾವ ಪಾರ್ಲರ್, ಡಬ್ಬದ ಮೇಲೆ ಯಾವ ಚಿತ್ರ ಎಂಬುದನ್ನು ಮಾತ್ರ ಬಿಡದೆ ಹೇಳಿದೆ. ಆದರೆ ನಂಜನಗೂಡಿನಲ್ಲಿ ಹೇಳಿದ್ದು ಅಲ್ಲಿಗೆ ಎಷ್ಟು ಮುಟ್ಟೀತು? ಆ ಯೋಚನೆಯಲ್ಲಿರುವಾಗಲೇ ಎದುರು ಮಳಿಗೆಯ ಸುದ್ದಿ ಬಂದದ್ದು.

ನನ್ನ ಬೋರ್ಡನ್ನು ಅವಳ ಬೋರ್ಡಿಗಿಂತ ದೊಡ್ಡದಾಗಿ ಬರೆಸಿದೆ. ಶಟರ್ ಎತ್ತಿದ ಮೊದಲ ಬೆಳಿಗ್ಗೆ ಅವಳು ಪಾರ್ಲರಿನ ಮುಂದೆ ನೀರು ಹಾಕುತ್ತಿದ್ದಳು. ತಲೆಯೆತ್ತಿ ನೋಡಿ, ಗುರುತು ಹಿಡಿದು, ಚೊಂಬು ಹಿಡಿದುಕೊಂಡೇ ಒಳಗೆ ಹೋದಳು. ಅವತ್ತು ನನಗೆ ಮಧ್ಯಾಹ್ನದ ಊಟ ಬಹಳ ರುಚಿಯಾಗಿತ್ತು.

ಮದುವೆ ಹೆಣ್ಣುಗಳು ಅವಳಲ್ಲಿ ಫೇಶಿಯಲ್ ಮಾಡಿಸಿಕೊಂಡು ರಸ್ತೆ ದಾಟಿ ನನ್ನ ಹತ್ತಿರ ರವಿಕೆಗೆ ಬರುತ್ತಿದ್ದರು. ಬಂದವರೆಲ್ಲ ಕತೆ ಕೇಳಿಸಿಕೊಂಡೇ ಹೋದರು. ಮುಡುಕುತೊರೆಯ ಕಡೆಯಿಂದ ಬಂದ ಒಬ್ಬ ತಾಯಿ ಕೇಳುತ್ತ ಕೇಳುತ್ತ ಬೆವರಿ, ಮಗಳಿಗೆಂದು ಆಗಷ್ಟೇ ಕೊಂಡಿದ್ದ ಡಬ್ಬವನ್ನು ಬ್ಯಾಗಿನಿಂದ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟು ಹೋದಳು. ನಾನು ಅದನ್ನು ಎಸೆಯಲಿಲ್ಲ. ರಸ್ತೆಗೆ ಕಾಣುವ ಗಾಜಿನ ಕಪಾಟಿನಲ್ಲಿ, ಎಲೆಯ ಚಿತ್ರ ಪಾರ್ಲರಿನ ಕಡೆಗೆ ತಿರುಗುವಂತೆ ಇಟ್ಟೆ. ಆಮೇಲೆ ಬೇರೆಯವರೂ ತಂದುಕೊಟ್ಟರು. ಕಪಾಟು ತುಂಬುತ್ತ ಬಂತು. ಹೊಲಿದ ರವಿಕೆಗಳನ್ನು ತೂಗುಹಾಕಲು ಜಾಗವಿಲ್ಲದೆ ಒಳಗೆ ಸರಿಸಿದೆ.

ಕೊನೆಗೊಂದು ಮಧ್ಯಾಹ್ನ ಅವಳೇ ರಸ್ತೆ ದಾಟಿ ಬಂದಳು. ಅಂಗಡಿಯಲ್ಲಿ ಗಿರಾಕಿ ಹೆಂಗಸರು ಕೂತಿದ್ದರು.

"ನನ್ ಒಟ್ಟೆ ಮ್ಯಾಲೆ ಯಾಕವ್ವ ಒಡೀತಿದ್ದೀಯ?" ಎಂದಳು.

ನಾನು ಹೊಲಿಗೆ ಬಿಟ್ಟು ಎದ್ದೆ. ಕಪಾಟಿನಿಂದ ಒಂದು ಡಬ್ಬ ತೆಗೆದೆ. ಕಾಫಿಗೆಂದು ತರಿಸಿದ ಹಾಲಿತ್ತು, ಲೋಟಕ್ಕೆ ಬಗ್ಗಿಸಿದೆ. ಅವಳು ನನ್ನ ತಂಗಿಗೆ ಹೇಳಿದ್ದಂತೆಯೇ ಎರಡು ಚಮಚ ಪುಡಿ ಹಾಕಿ ಕಲಸಿ ಅವಳ ಮುಂದೆ ಹಿಡಿದೆ.

"ಕುಡೀರಿ," ಎಂದೆ. "ಗಿಡದ್ದೇ ಅಲ್ವಾ?"

ಅವಳು ಲೋಟ ನೋಡಿದಳು, ಕೂತಿದ್ದ ಹೆಂಗಸರನ್ನು ನೋಡಿದಳು. ಸಕ್ಕರೆ ಕಾಯಿಲೆ, ಹಾಲು ಆಗುವುದಿಲ್ಲ ಎಂದಳು. ಹಾಗಾದರೆ ನೀರಲ್ಲಿ ಕಲಸಿಕೊಡುತ್ತೇನೆ ಎಂದೆ. ಅವಳು ಕೈ ಚಾಚಲಿಲ್ಲ. ನನ್ನ ಕೈ ನೋಯುತ್ತಿತ್ತು, ಆದರೂ ಲೋಟ ಇಳಿಸಲಿಲ್ಲ.

"ಅದ್ರಲ್ಲಿ ಏನದೆ ಅಂತ ನಂಗೂ ಗೊತ್ತಿಲ್ಲ ಕನವ್ವ," ಎಂದಳು ಮೆಲ್ಲಗೆ. "ಎಲ್ಲಿಂದ್ಲೋ ಚೀಲದಲ್ಲಿ ಬತ್ತದೆ. ನಾನು ಡಬ್ಬಕ್ಕೆ ತುಂಬಿ ಚೀಟಿ ಅಂಟುಸ್ತೀನಿ."

"ಜೋರಾಗೇಳಿ. ಅವ್ರಿಗೆ ಕೇಳುಸ್ನಿಲ್ಲ."

ಅವಳು ಮತ್ತೆ ಹೇಳಿದಳು. ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದುಕೊಂಡಳು. ಈ ಗಳಿಗೆಯನ್ನು ನೆನೆನೆನೆದು ನಾನು ಎಷ್ಟೋ ದಿನ ಕಳೆದಿದ್ದೆ. ಬಂದಾಗ ಅಳು ಬರಬಹುದು, ಅಯ್ಯೋ ಅನ್ನಿಸಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಹಸಿದವರಿಗೆ ಎಲೆ ಹಾಕಿದಾಗ ಆಗುವಂಥ ಸುಖವಾಯಿತು. ನೀವು ಹದಿನಾರಿಗೆ ಬಂದು, ನಮ್ಮಪ್ಪನ ಮುಂದೆ, ನಮ್ಮ ನೆಂಟರ ಮುಂದೆ ಇದೇ ಮಾತು ಹೇಳಬೇಕು. ಅಲ್ಲಿಯವರೆಗೆ ಡಬ್ಬಗಳು ಕಪಾಟಿನಲ್ಲೇ ಇರುತ್ತವೆ ಎಂದೆ.

ಒಂದು ಭಾನುವಾರ ತನ್ನ ಅಣ್ಣನನ್ನು, ಅಂದರೆ ಹುಡುಗನ ತಂದೆಯನ್ನು, ಕರೆದುಕೊಂಡು ಬಂದಳು. ಕುರ್ಚಿ ಹಾಕಬೇಡಿ ಎಂದು ನಾನು ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದೆ. ಅಪ್ಪ ಕೇಳಲಿಲ್ಲ. ತಾವೇ ಒಳಗಿನಿಂದ ಎರಡು ಕುರ್ಚಿ ಎತ್ತಿಕೊಂಡು ಬಂದು ಹಾಕಿದರು. ನನಗೆ ಮೈ ಉರಿಯಿತು. ಹುಡುಗಿಗೆ ಯಾವ ಕಾಯಿಲೆಯೂ ಇರಲಿಲ್ಲ, ತನ್ನ ಪುಡಿಯಿಂದಲೇ ಆದದ್ದು ಎಂದು ಅವಳು ನೆಲ ನೋಡುತ್ತ ಹೇಳಿದಳು. ಸುದ್ದಿ ಹಂಚಿಕೊಂಡು ಓಡಾಡಿದ್ದ ನೆಂಟರೂ ಅಲ್ಲೇ ಕೂತಿದ್ದರು, ನಾನೇ ಕರೆಸಿದ್ದೆ.

ತಂಗಿ ನಡುಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಸೋದರತ್ತೆಯ ಕಡೆ ನೋಡಲೇ ಇಲ್ಲ. ಹುಡುಗನ ತಂದೆಯನ್ನು ಕೇಳಿದಳು:

"ನಿಮ್ ಮಗ ಯಾಕ್ ಬರ್ನಿಲ್ಲ?"

ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ಇಷ್ಟೆಲ್ಲ ಮಾಡಿದವಳು, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಪಾರ್ಲರಿನಲ್ಲಿ ಈಗ ಪುಡಿ ಮಾರುವುದಿಲ್ಲ. ಹುಬ್ಬು ತೀಡುವುದು, ಫೇಶಿಯಲ್ಲು ನಡೆಯುತ್ತದೆ, ಮೊದಲಿನಷ್ಟು ಜನವಿಲ್ಲ. ಒಪ್ಪಿದ ಮಾತಿನಂತೆ ನಾನು ಡಬ್ಬಗಳನ್ನು ತೆಗೆದೆ. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ತಂಗಿ ಪೂರ್ತಿ ಗುಣವಾಗಿ ಶಾಲೆಗೆ ಹೋಗುತ್ತಾಳೆ, ಈಚೆಗೆ ಸ್ಕೂಟರ್ ಕಲಿತಿದ್ದಾಳೆ. ಸಂಬಂಧ ನೋಡುತ್ತೇವೆ ಎಂದರೆ ಅವಸರವಿಲ್ಲ ಎನ್ನುತ್ತಾಳೆ. ಒಂದು ದಿನ ನನಗೆ, "ಅಕ್ಕ, ಆ ಅಂಗ್ಡಿ ಮುಚ್ಬುಡು ಇನ್ನ. ನಂಗೋಸ್ಕರ ಅಂತ ಏಳ್ಬ್ಯಾಡ," ಎಂದಳು. ನಿನಗೋಸ್ಕರ ಅಲ್ಲ, ನನಗೋಸ್ಕರವೇ ಎಂದೆ. ಅವಳು ನಕ್ಕಳು.

ಕಳೆದ ದೀಪಾವಳಿಗೆ ಮುಂಚೆ ಸೋದರತ್ತೆ ಮತ್ತೆ ರಸ್ತೆ ದಾಟಿ ಬಂದಳು. ಕೈಯಲ್ಲಿ ರವಿಕೆ ಕಣ ಇತ್ತು. ಸಣ್ಣಗಾಗಿದ್ದಳು, ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದಳು. ಹಬ್ಬಕ್ಕೆ ಹೊಲಿದುಕೊಡಲು ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ, ಕೈತುಂಬ ಕೆಲಸವಿದೆ ಎಂದೆ. ನನ್ನ ಹಿಂದೆ, ಹೊಲಿಗೆ ಕೆಲಸಕ್ಕೆಂದು ನಾನು ಇಟ್ಟುಕೊಂಡಿದ್ದ ಇಬ್ಬರು ಹೆಂಗಸರು ಮಿಶಿನ್ ನಿಲ್ಲಿಸಿ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದರು. ಅವಳು ಅವರನ್ನು ನೋಡಿದಳು, ಕಣ ಮಡಿಸಿಕೊಂಡಳು, ವಾಪಸು ಹೋದಳು.