ಭಾನುವಾರದ ಕರ್ಸರ್

ಅಟ್ಟದ ಮೇಲಿನ ಡಬ್ಬಿಗಳನ್ನು ತೊಳೆಯಲು ಇಳಿಸಿದ್ದೆ. ಒಂದರ ಮುಚ್ಚಳ ತೆಗೆದಾಗ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ವಾಸನೆ, ಬೆಳ್ಳುಳ್ಳಿಯ ಘಾಟಿನ ಸಮೇತ... ಜೋಗುಪಾಳ್ಯದ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದವರ ಡಬ್ಬಿ ಅದು. ವಾಪಸ್ ಕೊಡುವುದು ಉಳಿದೇ ಹೋಗಿತ್ತು.

ಕಲಬುರಗಿ ಕಡೆಯವರು, ವಯಸ್ಸು ನಲವತ್ತರ ಆಸುಪಾಸು, ಒಬ್ಬರೇ ಇದ್ದರು. ಗರುಡಾಚಾರ್‌ಪಾಳ್ಯದ ಆಫೀಸೊಂದರಲ್ಲಿ ಕೆಲಸ. ಕನ್ನಡ ಟೈಪ್ ಮಾಡುವ ಹೊಸ ಆ್ಯಪ್ ಒಂದರ ತಪ್ಪುಗಳನ್ನು ಹುಡುಕಬೇಕಿತ್ತಂತೆ. ನಾನು ಅಮ್ಮನ ಅಡುಗೆ ಚೀಟಿಗಳನ್ನು ಟೈಪ್ ಮಾಡುವುದು ತಿಳಿದು ನನ್ನ ಕಂಪ್ಯೂಟರಿಗೂ ಅದನ್ನು ಹಾಕಿಕೊಟ್ಟರು. ನನ್ನ ಕೈಯಲ್ಲಿ ಅದು ಕೆಟ್ಟಿತು. ಕೆಳಬಾಣದ ಕೀ ಒತ್ತುತ್ತಾ ಹೋದರೆ ಕರ್ಸರ್ ಪರದೆಯಾಚೆ ಇಳಿದು ಮಾಯ. ಪುಟ ಮಾತ್ರ ನಿಂತಲ್ಲೇ.

ಪ್ರತಿ ಭಾನುವಾರ, ಅವರ ಬಾಯಲ್ಲಿ ಐತವಾರ, ಹತ್ತಕ್ಕೆ ಸರಿಯಾಗಿ ನೋಡಲು ಬರುತ್ತಿದ್ದರು. ಅವರೆದುರು ಮಾತ್ರ ಎಲ್ಲವೂ ಸರಿ.

"ನನಗ ನೋಡಿ ಅಂಜ್ತದ ನೋಡ್ರಿ ಅಕ್ಕೋರ."

ಆಮೇಲೆ ಕಾಫಿ, ಹನ್ನೆರಡರವರೆಗೆ ಮಾತು. ಯಜಮಾನರು ತೀರಿಕೊಂಡ ಮೇಲೆ ವಾರದಲ್ಲಿ ನಾನು ಬಾಯಿ ಬಿಟ್ಟು ಆಡುತ್ತಿದ್ದ ಮಾತು ಬಹುತೇಕ ಅಷ್ಟೇ...

ಒಂದು ಮಂಗಳವಾರ ಹೇಳದೆ ಬಂದರು. ಕಂಪ್ಯೂಟರ್ ತೆರೆದೇ ಇತ್ತು.

"ಅಕ್ಷರ ಇಷ್ಟ್ ದೊಡ್ಡದು ಯಾವಾಗ ಮಾಡಿದ್ರಿ?"

"ಯಾವಾಗ್ಲೂ ಹೀಗೇ ರೀ, ಕಣ್ಣು ಕಾಣಲ್ಲ. ನೀವು ಬರ್ತೀರಂದ್ರೆ ಚಿಕ್ಕದು ಮಾಡಿಡ್ತೀನಿ. ಸೋಫಾ ಕವರ್ ಸರಿ ಮಾಡಲ್ವಾ, ಹಾಗೆ."

ಬಂದವರೆದುರು ಏನೂ ಅಸ್ತವ್ಯಸ್ತವಾಗಿರಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ನನ್ನ ಮಾತು ಕೇಳಿ ಬಾಡಿಗೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೂರ್ ತಿಂಗಳಿಂದ ಹುಡುಕ್ಲಿಕತ್ತೀನಿ, ನೀವ್ ನೋಡಿದ್ರ ಮುಚ್ಚಿ ಇಡ್ತೀರಿ!" ಅಕ್ಷರ ಹಿಗ್ಗಿಸಿದರೂ ಆ್ಯಪ್ ಸಾಲುಗಳನ್ನು ಹಳೆಯ ಅಳತೆಯಲ್ಲೇ ಎಣಿಸುತ್ತಿತ್ತಂತೆ. ಹಾಗಾಗಿ ಕರ್ಸರ್ ಪರದೆ ದಾಟಿದ್ದೇ ಅದಕ್ಕೆ ತಿಳಿಯುತ್ತಿರಲಿಲ್ಲ.

ಎರಡು ವಾರದಲ್ಲಿ ಸರಿಪಡಿಸಿ ತಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ ಮ್ಯಾಲ ಐತವಾರ ನಿಮಗ ತ್ರಾಸ ಕೊಡಂಗಿಲ್ರಿ ಅಕ್ಕೋರ" ಎಂದರು. ಚಪ್ಪಲಿ ಮೆಟ್ಟಿಕೊಳ್ಳಲು ತುಸು ಹೆಚ್ಚೇ ಹೊತ್ತು ತೆಗೆದುಕೊಂಡರು. ನಾನು "ತುಂಬಾ ಥ್ಯಾಂಕ್ಸ್ ರೀ" ಎಂದೆ. ಅಷ್ಟೇ.

ಆಮೇಲೆ ಮೆಟ್ಟಿಲ ಮೇಲೆ ಎದುರಾದಾಗ ಒಂದು ನಗು. ಆ ವರ್ಷವೇ ರೂಮು ಬಿಟ್ಟು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಆಚೆ ಎಲ್ಲಿಗೋ ಹೋದರು. ಈಗ ಅವರ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ.

ಇವತ್ತು ಭಾನುವಾರ. ಕರ್ಸರ್ ಇಳಿದಂತೆ ಪುಟವೂ ಇಳಿಯುತ್ತದೆ, ಒಂದು ತಪ್ಪೂ ಇಲ್ಲ. ಏನೂ ಕೆಡದಿದ್ದರೂ ಬನ್ನಿ ರೀ ಎಂದು ಅಂದು ಬಾಗಿಲಲ್ಲಿ ಹೇಳಬೇಕಿತ್ತು...